ಅಳಿಸಿದ ವರದಿ ಬ್ಯಾಕಪ್‌ನಲ್ಲಿ ಉಳಿದರೆ: ಕ್ಲೌಡ್ ಪ್ರತಿಗಳು ಮತ್ತು ಡಿಪಿಡಿಪಿ ಕಾಯ್ದೆ

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಮುಖ್ಯ ಪ್ರಯೋಗಾಲಯವೂ ಧಾರವಾಡ, ಗದಗ, ಹಾವೇರಿಗಳಲ್ಲಿ ಮಾದರಿ ಸಂಗ್ರಹ ಕೇಂದ್ರಗಳೂ ಇರುವ ಡಯಾಗ್ನೊಸ್ಟಿಕ್ ಲ್ಯಾಬ್, ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಗಿದೆ. ರೋಗಿಗಳ ವರದಿ, ಬಿಲ್ಲು, ಮೊಬೈಲ್ ಸಂಖ್ಯೆ ಎಲ್ಲವೂ ಒಬ್ಬ ಸಾಫ್ಟ್‌ವೇರ್ ಪೂರೈಕೆದಾರರ ಮೂಲಕ ಕ್ಲೌಡ್‌ನಲ್ಲಿವೆ, ಪ್ರತಿ ರಾತ್ರಿ ಬ್ಯಾಕಪ್ ಆಗುತ್ತದೆ. ಈಚೆಗೆ ಒಬ್ಬ ಗ್ರಾಹಕರು ತಮ್ಮ ಮಾಹಿತಿಯನ್ನೆಲ್ಲ ಅಳಿಸಬೇಕೆಂದು ಪತ್ರ ಬರೆದರು. ಸಾಫ್ಟ್‌ವೇರ್‌ನಿಂದ ಅಳಿಸಿದೆವು, ಬ್ಯಾಕಪ್‌ನಲ್ಲಿ ಮಾತ್ರ ಉಳಿದಿದೆ. ಅದನ್ನೂ ಅಳಿಸಬೇಕೆ? ಒಂದು ಪ್ರತಿ ಸಿಂಗಪುರದಲ್ಲಿದೆಯಂತೆ, ಅದು ಸರಿಯೆ? ಮಾಹಿತಿ ಸೋರಿದರೆ ಹೊಣೆ ಕ್ಲೌಡ್ ಕಂಪನಿಯದಲ್ಲವೆ? ಇನ್ನೊಬ್ಬರು ‘ಡಿಪಿಡಿಪಿ ಪ್ರಮಾಣಿತ ಬ್ಯಾಕಪ್’ ಮಾರಲು ಬಂದಿದ್ದಾರೆ, ಕೊಳ್ಳಬೇಕೆ? ಹಳೆಯ ಸರ್ವರಿನ ಹಾರ್ಡ್ ಡಿಸ್ಕ್‌ಗಳು ಗದಗ ಕೇಂದ್ರದಲ್ಲಿ ಬಿದ್ದಿವೆ, ಅವನ್ನೇನು ಮಾಡುವುದು?

ಉತ್ತರ: ನಿಮ್ಮ ಮೂರನೆಯ ಪ್ರಶ್ನೆಯನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಹೊಣೆ ಯಾರದು ಎಂಬುದು ಇತ್ಯರ್ಥವಾಗದೆ ಉಳಿದ ಪ್ರಶ್ನೆಗಳಿಗೆ ಉತ್ತರ ಹೇಳಿದರೂ ಅದರಿಂದ ಪ್ರಯೋಜನವಾಗದು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ (ಡಿಪಿಡಿಪಿ) ಕಾಯ್ದೆ, 2023ರ ಪ್ರಕಾರ ರೋಗಿಯ ಮಾಹಿತಿಯನ್ನು ಯಾವ ಉದ್ದೇಶಕ್ಕೆ, ಯಾವ ರೀತಿಯಲ್ಲಿ ಬಳಸಬೇಕೆಂದು ತೀರ್ಮಾನಿಸುವವರು ಡೇಟಾ ಫಿಡ್ಯೂಷಿಯರಿ. ಅವರ ಪರವಾಗಿ ಆ ಮಾಹಿತಿಯನ್ನು ಇರಿಸಿಕೊಳ್ಳುವ, ಸಂಸ್ಕರಿಸುವ ಸಂಸ್ಥೆ ಡೇಟಾ ಪ್ರೊಸೆಸರ್. ನಿಮ್ಮ ವಿಷಯದಲ್ಲಿ ಮೊದಲನೆಯವರು ನೀವು. ಸಾಫ್ಟ್‌ವೇರ್ ಪೂರೈಕೆದಾರರೂ ಅವರ ಹಿಂದಿರುವ ಕ್ಲೌಡ್ ಕಂಪನಿಯೂ ಪ್ರೊಸೆಸರ್‌ಗಳು. ಕಾಯ್ದೆಯ 8ನೇ ಕಲಮಿನ ಮೊದಲ ಉಪಕಲಮು, ಯಾವುದೇ ಒಪ್ಪಂದದಲ್ಲಿ ಏನೇ ಬರೆದಿದ್ದರೂ ಪ್ರೊಸೆಸರ್ ಮಾಡಿದ ಕೆಲಸಕ್ಕೂ ಫಿಡ್ಯೂಷಿಯರಿಯೇ ಉತ್ತರದಾಯಿ ಎಂದು ಸ್ಪಷ್ಟವಾಗಿ ಹೇಳುತ್ತದೆ. ಆದ್ದರಿಂದ ಕ್ಲೌಡ್‌ನಿಂದ ಮಾಹಿತಿ ಸೋರಿದರೆ ಈ ಕಾಯ್ದೆಯಡಿ ವಿಚಾರಣೆ ನಡೆಸಿ ದಂಡ ವಿಧಿಸುವ ಡೇಟಾ ಸಂರಕ್ಷಣಾ ಮಂಡಳಿಯ ನೋಟಿಸ್ ಬರುವುದು ಹುಬ್ಬಳ್ಳಿಯ ನಿಮ್ಮ ವಿಳಾಸಕ್ಕೇ. ಪೂರೈಕೆದಾರರಿಂದ ನಷ್ಟ ವಸೂಲಿ ಮಾಡಿಕೊಳ್ಳುವ ಹಕ್ಕನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬಹುದು, ಬರೆಸಿಕೊಳ್ಳಲೂ ಬೇಕು. ಆದರೆ ಅದು ನಿಮ್ಮಿಬ್ಬರ ನಡುವಿನ ಲೆಕ್ಕ, ಮಂಡಳಿಯ ಮುಂದೆ ಅದು ನಿಮ್ಮ ಹೊಣೆಯನ್ನು ತಗ್ಗಿಸುವುದಿಲ್ಲ.

ಮಾಹಿತಿಯನ್ನು ಕಾಪಾಡಲು ಸಮಂಜಸವಾದ ಭದ್ರತಾ ಕ್ರಮಗಳನ್ನು ಕೈಗೊಳ್ಳದಿದ್ದರೆ 250 ಕೋಟಿ ರೂಪಾಯಿವರೆಗೆ, ಸೋರಿಕೆಯಾದದ್ದನ್ನು ತಿಳಿಸದಿದ್ದರೆ 200 ಕೋಟಿ ರೂಪಾಯಿವರೆಗೆ ದಂಡ ವಿಧಿಸಲು ಕಾಯ್ದೆಯ ಅನುಸೂಚಿಯಲ್ಲಿ ಅವಕಾಶವಿದೆ. ಮಾರಾಟಗಾರರು ಈ ಎರಡು ಅಂಕಿಗಳನ್ನೇ ಹಿಡಿದು ಹೆದರಿಸುವುದು ವಾಡಿಕೆಯಾಗಿದೆ. ಇವು ಗರಿಷ್ಠ ಮಿತಿಗಳು. ಲೋಪದ ಸ್ವರೂಪ, ಗಂಭೀರತೆ, ಅವಧಿ, ಮಾಹಿತಿಯ ಬಗೆ, ಹಾನಿ ತಗ್ಗಿಸಲು ಸಂಸ್ಥೆ ಏನು ಮಾಡಿತು ಎಂಬುದನ್ನೆಲ್ಲ ತೂಗಿ ಮಂಡಳಿ ಮೊತ್ತ ನಿಗದಿ ಮಾಡಬೇಕು. ನಿಮ್ಮಂಥ ಲ್ಯಾಬಿನ ದೃಷ್ಟಿಯಿಂದ ಮುಖ್ಯವಾದದ್ದು ಕೊನೆಯ ಅಂಶ, ಅಂದರೆ ಏನು ಮಾಡಿದಿರಿ ಎಂಬುದಕ್ಕೆ ನಿಮ್ಮ ಬಳಿ ಇರುವ ಲಿಖಿತ ಪುರಾವೆ.

ಕಾಯ್ದೆಯ ನಿಯಮಗಳು 2025ರ ನವೆಂಬರ್ ಮಧ್ಯದಲ್ಲಿ ಪ್ರಕಟವಾದವು. ಅವುಗಳಲ್ಲಿಯೇ ಇಟ್ಟ ಗಡುವಿನಂತೆ ಭದ್ರತೆ, ಸೋರಿಕೆಯ ಸೂಚನೆ, ಅಳಿಸುವಿಕೆ ಮುಂತಾದ ಮುಖ್ಯ ಹೊಣೆಗಳು ಹದಿನೆಂಟು ತಿಂಗಳ ನಂತರ, ಎಂದರೆ 2027ರ ಮೇ ಮಧ್ಯದಿಂದ ಜಾರಿಗೆ ಬರುತ್ತವೆ. ಅಲ್ಲಿಯವರೆಗೆ ಕಾನೂನೇ ಇಲ್ಲವೆಂದು ತಿಳಿಯಬೇಡಿ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮು ಮತ್ತು ಅದರಡಿಯ 2011ರ ನಿಯಮಗಳು ಅಲ್ಲಿಯತನಕ ಊರ್ಜಿತದಲ್ಲಿರುತ್ತವೆ, ಮತ್ತು ಆ ನಿಯಮಗಳು ವೈದ್ಯಕೀಯ ದಾಖಲೆಗಳನ್ನು ಸೂಕ್ಷ್ಮ ಮಾಹಿತಿಯ ಪಟ್ಟಿಯಲ್ಲಿ ಹೆಸರಿಸಿಯೇ ಸೇರಿಸಿವೆ. ಹಳೆಯ ವ್ಯವಸ್ಥೆಯಲ್ಲಿ ನಷ್ಟ ಅನುಭವಿಸಿದ ವ್ಯಕ್ತಿಗೆ ಪರಿಹಾರ ಕೊಡಬೇಕಾಗುತ್ತದೆ. ಹೊಸ ಕಾಯ್ದೆಯ ದಂಡ ಸರ್ಕಾರದ ಸಂಚಿತ ನಿಧಿಗೆ ಹೋಗುತ್ತದೆ. ರೋಗಿಯ ಕಡೆಯಿಂದ ನೋಡಿದರೆ ಇದು ಸುಧಾರಣೆಯೇ ಎಂಬ ಬಗ್ಗೆ ನನಗೆ ಅನುಮಾನವಿದೆ, ಇರಲಿ.

ಈಗ ಬ್ಯಾಕಪ್. ಬಹಳಷ್ಟು ಸಂಸ್ಥೆಗಳು ಬ್ಯಾಕಪ್ಪನ್ನು ಖಾಸಗಿತನದ ಕಾನೂನಿಗೆ ಹೊರಗಿನ ತಾಂತ್ರಿಕ ಏರ್ಪಾಟೆಂದು ಭಾವಿಸಿವೆ. ಕಾನೂನು ಹಾಗೆ ಭಾವಿಸಿಲ್ಲ. ಕಾಯ್ದೆಯ ವ್ಯಾಖ್ಯೆಯಲ್ಲಿ ಮಾಹಿತಿ ಪರರ ಕೈಗೆ ಹೋಗುವುದಷ್ಟೇ ಉಲ್ಲಂಘನೆಯಲ್ಲ. ಅನಧಿಕೃತ ಬದಲಾವಣೆ, ನಾಶ, ಮಾಹಿತಿ ನಮ್ಮ ಕೈಗೇ ಸಿಗದಂತಾಗುವುದು, ಇವೂ ಉಲ್ಲಂಘನೆಗಳೇ. ರ‍್ಯಾನ್ಸಮ್‌ವೇರ್ (ಕಡತಗಳಿಗೆ ಬೀಗ ಹಾಕಿ, ಬಿಡಿಸಲು ಹಣ ಕೇಳುವ) ದಾಳಿಯಲ್ಲಿ ಒಂದು ಕಡತವೂ ಹೊರಗೆ ಹೋಗದೆ, ಎಲ್ಲವೂ ಬೀಗ ಬಿದ್ದ ಸ್ಥಿತಿಯಲ್ಲಿ ಉಳಿದರೂ ಅದನ್ನು ವರದಿ ಮಾಡಬೇಕಾಗುತ್ತದೆ. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರ್‌ಗಳ ಮೇಲೆ ಇಂಥ ದಾಳಿ ನಡೆದಾಗ ನೋಂದಣಿ, ಲ್ಯಾಬ್ ವರದಿ, ಬಿಲ್ಲಿಂಗ್ ಕೆಲಸಗಳು ಹಲವು ದಿನ ಕಾಗದದ ಮೇಲೆ ಸಾಗಿದವು. ಇಂಥ ಹೊತ್ತಿನಲ್ಲೂ ಕೆಲಸ ನಿಲ್ಲಬಾರದೆಂಬ ವಿಚಾರವನ್ನೇ 2025ರ ನಿಯಮಗಳ 6ನೇ ನಿಯಮ ಅಕ್ಷರಕ್ಕಿಳಿಸಿದೆ: ಮಾಹಿತಿಯ ಗೋಪ್ಯತೆಗೋ ಲಭ್ಯತೆಗೋ ಧಕ್ಕೆ ಬಂದಾಗ ಕೆಲಸ ಮುಂದುವರಿಸಲು ಬೇಕಾದ ಕ್ರಮಗಳಿರಬೇಕು, ಅವುಗಳಲ್ಲಿ ಬ್ಯಾಕಪ್ ಸೇರಿದೆ ಎಂದು ಹೆಸರು ಹಿಡಿದು ಹೇಳಿದೆ. ಅಂದರೆ ಬ್ಯಾಕಪ್ ಇಲ್ಲದಿರುವುದು ಒಂದು ಲೋಪ. ಅದೇ ಬ್ಯಾಕಪ್ಪನ್ನು ಕೊನೆಯಿಲ್ಲದೆ ಇಟ್ಟುಕೊಳ್ಳುವುದು ಇನ್ನೊಂದು ಲೋಪ. ನಿಮ್ಮ ಮೊದಲ ಪ್ರಶ್ನೆ ಇವೆರಡರ ನಡುವೆ ಸಿಕ್ಕಿಕೊಂಡಿದೆ.

ಅಳಿಸಬೇಕೆ ಎಂಬುದಕ್ಕೆ ಮೊದಲು, ಏನನ್ನು ಅಳಿಸಬೇಕು ಎಂದು ನೋಡೋಣ. ಗ್ರಾಹಕರು ‘ಮಾಹಿತಿಯನ್ನೆಲ್ಲ’ ಎಂದು ಬರೆದಿದ್ದರೂ ನಿಮ್ಮಲ್ಲಿ ಅವರ ದಾಖಲೆ ಒಂದೇ ಅಲ್ಲ. ಜಾಹೀರಾತು ಸಂದೇಶ ಕಳುಹಿಸಲು ಇಟ್ಟುಕೊಂಡ ಮೊಬೈಲ್ ಸಂಖ್ಯೆ ಒಂದು. ತಪಾಸಣೆಯ ವರದಿ ಇನ್ನೊಂದು. ಹಣ ಪಡೆದದ್ದಕ್ಕೆ ಕೊಟ್ಟ ಬಿಲ್ಲು ಮತ್ತೊಂದು. ಮೊದಲನೆಯದನ್ನು ಇಟ್ಟುಕೊಳ್ಳಲು ನಿಮಗೆ ಅವರ ಒಪ್ಪಿಗೆಯ ಹೊರತು ಬೇರೆ ಆಧಾರವಿಲ್ಲ; ಒಪ್ಪಿಗೆ ಹಿಂತೆಗೆದುಕೊಂಡ ಮೇಲೆ ಆ ಸಂಖ್ಯೆಯನ್ನು ಆ ಉದ್ದೇಶಕ್ಕೆ ಬಳಸುವುದನ್ನು ನಿಲ್ಲಿಸಲೇಬೇಕು. ಮೂರನೆಯದನ್ನು ಅವರು ಕೇಳಿದರೆಂದು ಅಳಿಸಿದರೆ ನೀವೇ ತಪ್ಪಿತಸ್ಥರಾಗುತ್ತೀರಿ: ಕಂಪನಿ ಕಾಯ್ದೆ, 2013ರ 128ನೇ ಕಲಮಿನಂತೆ ಲೆಕ್ಕದ ಪುಸ್ತಕಗಳನ್ನೂ ಅವುಗಳ ವೋಚರ್‌ಗಳನ್ನೂ ಎಂಟು ಹಣಕಾಸು ವರ್ಷ ಇಡಬೇಕು, ಮತ್ತು 2023ರ ಏಪ್ರಿಲ್ 1ರಿಂದ ಲೆಕ್ಕದ ಸಾಫ್ಟ್‌ವೇರ್‌ನಲ್ಲಿ ಆಗುವ ಪ್ರತಿ ತಿದ್ದುಪಡಿಯ ಜಾಡು ಉಳಿಯುವಂತಿರಬೇಕು. (ರೋಗನಿದಾನ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ ಜಿಎಸ್‌ಟಿ ದಾಖಲೆಗಳ 72 ತಿಂಗಳ ಲೆಕ್ಕ ನಿಮಗೆ ಅಷ್ಟಾಗಿ ತಾಗಲಿಕ್ಕಿಲ್ಲ, ನಿಮ್ಮ ಲೆಕ್ಕಪರಿಶೋಧಕರನ್ನು ಒಮ್ಮೆ ಕೇಳಿ.) ಕಾನೂನು ಇಡಲು ಹೇಳಿದ್ದನ್ನು ಅಳಿಸಬೇಕಿಲ್ಲವೆಂದು ಡಿಪಿಡಿಪಿ ಕಾಯ್ದೆಯೇ ವಿನಾಯಿತಿ ಕೊಟ್ಟಿದೆ. ಎರಡನೆಯದಾದ ವರದಿಯ ವಿಷಯ ಸ್ವಲ್ಪ ಸೂಕ್ಷ್ಮ. ಪರೀಕ್ಷೆಯ ಉದ್ದೇಶ ಪೂರೈಸಿದ ಮೇಲೆ ಎಷ್ಟು ಕಾಲ ಇಡುತ್ತೀರಿ, ಏಕೆ ಇಡುತ್ತೀರಿ ಎಂಬುದನ್ನು ನಿಮ್ಮ ಮಾನ್ಯತಾ ಸಂಸ್ಥೆಯ ಷರತ್ತು ಮತ್ತು ವೈದ್ಯಕೀಯ ವಿವಾದ ಬಂದರೆ ಉತ್ತರಿಸಬೇಕಾದ ಅಗತ್ಯ ಇವೆರಡನ್ನು ನೋಡಿ ಲಿಖಿತವಾಗಿ ಗೊತ್ತುಮಾಡಿಕೊಳ್ಳಬೇಕು. ಹೊಸ ನಿಯಮಗಳ 8ನೇ ನಿಯಮದಲ್ಲಿ ಇನ್ನೊಂದು ಎಳೆಯಿದೆ: ಸರ್ಕಾರ ಕೇಳಬಹುದಾದ ಕೆಲವು ಉದ್ದೇಶಗಳಿಗಾಗಿ ವೈಯಕ್ತಿಕ ಮಾಹಿತಿಯನ್ನೂ ಅದರ ಸಂಸ್ಕರಣೆಯ ಲಾಗ್‌ಗಳನ್ನೂ ಕನಿಷ್ಠ ಒಂದು ವರ್ಷ ಉಳಿಸಿಕೊಳ್ಳಬೇಕು. ಆದ್ದರಿಂದ ಈ ನಿಯಮ ಜಾರಿಗೆ ಬಂದ ಮೇಲೆ, ಕೋರಿಕೆ ಬಂದ ದಿನವೇ ಎಲ್ಲವನ್ನೂ ಒರೆಸಿಹಾಕುವ ಉತ್ಸಾಹ ಕೂಡ ತಪ್ಪಾಗಬಹುದು.

ಇಷ್ಟನ್ನು ಜಾಲಾಡಿದ ಮೇಲೆ ನಿಜಕ್ಕೂ ಅಳಿಸಬೇಕಾದ ಭಾಗ ಉಳಿಯುತ್ತದೆ. ಅದು ಬ್ಯಾಕಪ್‌ನಲ್ಲಿಯೂ ಹೋಗಬೇಕೆ? ಹೋಗಬೇಕು. ಬ್ಯಾಕಪ್ ಪ್ರತಿಯೂ ನೀವು ಇಟ್ಟುಕೊಂಡ ವೈಯಕ್ತಿಕ ಮಾಹಿತಿಯೇ, ಅದಕ್ಕೆಂದು ಕಾಯ್ದೆಯಲ್ಲಿ ಪ್ರತ್ಯೇಕ ವಿನಾಯಿತಿಯಿಲ್ಲ. ಆದರೆ ಹೇಗೆ, ಯಾವಾಗ ಎಂಬಲ್ಲಿ ವಿವೇಚನೆಗೆ ಜಾಗವಿದೆ. ಬ್ಯಾಕಪ್ ಕಡತಗಳನ್ನು ಬಿಚ್ಚಿ, ಒಬ್ಬರ ಸಾಲನ್ನು ತೆಗೆದು, ಮತ್ತೆ ಕಟ್ಟಿಡುವ ಕೆಲಸಕ್ಕೆ ಯಾರೂ ಕೈಹಾಕಬಾರದು. ಹಾಗೆ ಮುಟ್ಟಿದ ಬ್ಯಾಕಪ್ ಆಪತ್ತಿನ ದಿನ ತೆರೆದುಕೊಳ್ಳುತ್ತದೆಂಬ ಭರವಸೆಯಿಲ್ಲ; ಮೇಲಾಗಿ ಇಂಥ ತಿದ್ದುವಿಕೆಗೆ ದಾರಿಯಿದ್ದರೆ ದಾಳಿಕೋರನಿಗೂ ಅದೇ ದಾರಿ ತೆರೆದಿರುತ್ತದೆ. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ ಅಲ್ಲಿನ ಸಂಸ್ಥೆಗಳಿಗೆ ನೀಡಿರುವ ಮಾರ್ಗದರ್ಶನ ಇಲ್ಲಿ ಉಪಯುಕ್ತ: ಬ್ಯಾಕಪ್‌ನಲ್ಲಿರುವುದನ್ನು ತಕ್ಷಣ ಅಳಿಸಲಾಗದಿದ್ದರೆ ಅದನ್ನು ಯಾವ ಬಳಕೆಗೂ ಸಿಗದಂತೆ ಇರಿಸಿ, ನಿಗದಿತ ಸರದಿಯಲ್ಲಿ ಅದು ಅಳಿದುಹೋಗುವಂತೆ ಮಾಡಬೇಕು, ಮತ್ತು ಕೋರಿಕೆ ಸಲ್ಲಿಸಿದವರಿಗೆ ಬ್ಯಾಕಪ್‌ನ ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಇದು ನಮ್ಮ ಮಂಡಳಿಯನ್ನು ಕಟ್ಟಿಹಾಕುವುದಿಲ್ಲ. ಆದರೂ ಸಮಂಜಸ ನಡವಳಿಕೆ ಎಂದರೇನೆಂದು ತೋರಿಸಲು ಇದಕ್ಕಿಂತ ಗಟ್ಟಿಯಾದ ಮಾದರಿ ನನಗೆ ಕಾಣುವುದಿಲ್ಲ.

ಇದನ್ನು ನಿಮ್ಮ ಲ್ಯಾಬಿಗೆ ಅಳವಡಿಸಿದರೆ ಹೀಗಾಗುತ್ತದೆ. ಪ್ರತಿಯೊಂದು ಬ್ಯಾಕಪ್‌ಗೂ ಒಂದು ಆಯುಷ್ಯ ನಿಗದಿಯಾಗಿರಬೇಕು. ದಿನದ ಪ್ರತಿಗಳಿಗೆ ಐದು ವಾರ, ವಾರದ ಪ್ರತಿಗಳಿಗೆ ಮೂರು ತಿಂಗಳು ಎಂಬಂತೆ ಇಟ್ಟರೆ ನಿಮ್ಮ ಗಾತ್ರದ ಸಂಸ್ಥೆಗೆ ಸಾಕು. ಇದು ಕಾನೂನು ಹೇಳಿದ ಅಂಕಿಯಲ್ಲ, ದಾಳಿಯೊಂದು ಬೆಳಕಿಗೆ ಬರಲು ವಾರಗಳೇ ಹಿಡಿಯಬಹುದೆಂಬ ಲೆಕ್ಕದ ಮೇಲೆ ನಾನು ಕೊಡುತ್ತಿರುವ ಸಲಹೆ. ಅವಧಿ ಮುಗಿದ ಪ್ರತಿ ತಾನಾಗಿಯೇ ಅಳಿಯುವಂತೆ ಕ್ಲೌಡ್ ಸೇವೆಯಲ್ಲಿಯೇ ನಿಯಮ ಹಾಕಿಡಬಹುದು. ಸಿಬ್ಬಂದಿಯ ನೆನಪಿಗೆ ಇದನ್ನು ಬಿಡಬೇಡಿ. ಜೊತೆಗೆ ಅಳಿಸಿದವರ ಒಂದು ಪಟ್ಟಿ ಇರಲಿ. ಅದರಲ್ಲಿ ಹೆಸರು, ಕಾಯಿಲೆ, ಮೊಬೈಲ್ ಯಾವುದೂ ಬೇಡ. ಗ್ರಾಹಕ ಕ್ರಮಸಂಖ್ಯೆ ಮತ್ತು ಅಳಿಸಿದ ದಿನಾಂಕ ಇಷ್ಟೇ ಸಾಕು. ನಾಳೆ ಏನೋ ಆಪತ್ತು ಬಂದು ಹಿಂದಿನ ತಿಂಗಳ ಬ್ಯಾಕಪ್ಪನ್ನು ಮರಳಿ ಇಳಿಸಿಕೊಂಡರೆ, ಅಳಿಸಿದ ಗ್ರಾಹಕರು ಅದರೊಂದಿಗೆ ಮತ್ತೆ ಬಂದುಬಿಡುತ್ತಾರೆ; ಸಾಫ್ಟ್‌ವೇರನ್ನು ಸಿಬ್ಬಂದಿಗೆ ತೆರೆದುಕೊಡುವ ಮೊದಲೇ ಆ ಪಟ್ಟಿಯನ್ನು ಓಡಿಸಿ ಅವರನ್ನು ಮತ್ತೊಮ್ಮೆ ಅಳಿಸಬೇಕು. ನಾನು ನೋಡಿದ ಮಟ್ಟಿಗೆ ಬಹುತೇಕ ಸಂಸ್ಥೆಗಳು ಎಡವುವುದು ಈ ಒಂದು ಹೆಜ್ಜೆಯಲ್ಲಿ. ಅಳಿಸಿದವರಿಗೆ ಆರು ತಿಂಗಳ ನಂತರ ಹಬ್ಬದ ರಿಯಾಯಿತಿ ಸಂದೇಶ ಹೋಗುತ್ತದೆ, ದೂರು ಶುರುವಾಗುವುದು ಅಲ್ಲಿಂದ.

ಪಟ್ಟಿಯನ್ನು ಬ್ಯಾಕಪ್ ಇರುವ ಜಾಗದಲ್ಲಿಯೇ ಇಟ್ಟರೆ ಅದೂ ಹಳೆಯ ದಿನಾಂಕಕ್ಕೆ ಹಿಂದಿರುಗುತ್ತದೆ, ಆದ್ದರಿಂದ ಬೇರೆಡೆ ಇಡಿ.

ವರ್ಷಕ್ಕೊಮ್ಮೆ ಪೂರ್ಣ ಬ್ಯಾಕಪ್ ತೆಗೆದು ಹತ್ತು ವರ್ಷ ಇಡುವ ಅಭ್ಯಾಸ ನಿಮ್ಮಲ್ಲಿಯೂ ಇರಬಹುದು. ಎಂಟು ವರ್ಷದ ಲೆಕ್ಕಪತ್ರಕ್ಕಾಗಿ ಹೀಗೆ ಮಾಡುತ್ತೇವೆಂದು ಕಾರಣ ಕೊಡುತ್ತಾರೆ. ಬಿಲ್ಲಿಗಾಗಿ ಇಟ್ಟ ಆ ಕಡತದೊಳಗೆ ಎಚ್‌ಐವಿ ಪರೀಕ್ಷೆಯ ಫಲಿತಾಂಶವೂ ಗರ್ಭಧಾರಣೆಯ ವರದಿಯೂ ಹತ್ತು ವರ್ಷ ಕುಳಿತಿರುತ್ತವೆ. ಆಪತ್ತಿನಿಂದ ಚೇತರಿಸಿಕೊಳ್ಳಲು ಇಡುವುದು ಬ್ಯಾಕಪ್. ಕಾನೂನು ಹೇಳಿದಷ್ಟು ಕಾಲ ಕಾಪಿಡಲು ಇಡುವುದು ದಾಖಲೆ ಸಂಗ್ರಹ. ಎರಡನ್ನೂ ಬೇರ್ಪಡಿಸಿ. ಬಿಲ್ಲು ಮತ್ತು ಲೆಕ್ಕದ ದಾಖಲೆಗಳನ್ನಷ್ಟೇ ಬೇರೆ ತೆಗೆದು ಎಂಟು ವರ್ಷ ಇಡಿ. ಬಿಲ್ಲಿನಲ್ಲಿ ಪರೀಕ್ಷೆಯ ಹೆಸರು ಇದ್ದೇ ಇರುವುದರಿಂದ ಆ ಸಂಗ್ರಹವನ್ನು ತೆರೆಯುವ ಅನುಮತಿ ಲೆಕ್ಕ ವಿಭಾಗದ ಒಬ್ಬಿಬ್ಬರಿಗೆ ಮಾತ್ರ ಇರಲಿ. ದೀರ್ಘಕಾಲ ಇಡಲೇಬೇಕಾದ ವರದಿಗಳಿದ್ದರೆ ಪ್ರತಿ ವರ್ಷದ ಅಥವಾ ಪ್ರತಿ ಗ್ರಾಹಕರ ಕಡತವನ್ನು ಪ್ರತ್ಯೇಕ ಕೀಲಿಯಿಂದ, ಅಂದರೆ ಆ ಕೀಲಿಯಿಲ್ಲದೆ ಓದಲಾಗದಂತೆ, ಎನ್‌ಕ್ರಿಪ್ಟ್ ಮಾಡಿಸಬಹುದು. ಆಗ ಕೀಲಿಯನ್ನು ನಾಶ ಮಾಡಿದರೆ ಎಷ್ಟೇ ಕಡೆ ಪ್ರತಿಗಳು ಉಳಿದಿದ್ದರೂ ಅವು ಓದಲಾಗದ ಅಕ್ಷರರಾಶಿಯಾಗುತ್ತವೆ. ಪ್ರತಿ ಗ್ರಾಹಕರಿಗೊಂದು ಕೀಲಿ ಎಂಬುದು ಸಾಫ್ಟ್‌ವೇರ್ ಬರೆಯುವಾಗಲೇ ಯೋಚಿಸಬೇಕಾದ ಮಾತು. ನಡೆಯುತ್ತಿರುವ ವ್ಯವಸ್ಥೆಗೆ ನಂತರ ಹೊಲಿಯಲು ಹೋದರೆ ಖರ್ಚು ಬಹಳ. ನಿಮಗೆ ವರ್ಷವಾರು ಕೀಲಿ ಸಾಕೆಂದು ನನ್ನ ಅಭಿಪ್ರಾಯ.

ರ‍್ಯಾನ್ಸಮ್‌ವೇರ್ ಭಯದಿಂದ ಈಗ ಎಲ್ಲರೂ ಬದಲಿಸಲಾಗದ ಬ್ಯಾಕಪ್ ಕೊಳ್ಳುತ್ತಿದ್ದಾರೆ. ಕೊಳ್ಳಬೇಕಾದದ್ದೇ. ಆದರೆ ಅದರ ಕಟ್ಟುನಿಟ್ಟಿನ ವಿಧಾನದಲ್ಲಿ, ಉದಾಹರಣೆಗೆ ಅಮೆಜಾನ್‌ನ ಎಸ್3 ಸಂಗ್ರಹದ ಆಬ್ಜೆಕ್ಟ್ ಲಾಕ್‌ನ ಕಂಪ್ಲಯನ್ಸ್ ಮೋಡ್‌ನಲ್ಲಿ, ಒಮ್ಮೆ ಅವಧಿ ಹಾಕಿದರೆ ಖಾತೆಯ ಮೂಲ ಒಡೆಯನೂ ಆ ಅವಧಿಯನ್ನು ಕಡಿಮೆ ಮಾಡಲಾರ. ಏಳು ವರ್ಷ ಎಂದು ಟಿಕ್ ಹಾಕಿದ ಪೂರೈಕೆದಾರರು ಅಳಿಸುವ ಹಕ್ಕನ್ನು ಏಳು ವರ್ಷ ನಿರರ್ಥಕಗೊಳಿಸಿದಂತಾಯಿತು, ಅದೂ ನಿಮ್ಮ ಹೆಸರಿನಲ್ಲಿ. ಮೇಲೆ ಹೇಳಿದ ಮೂರು ತಿಂಗಳ ಆಯುಷ್ಯವನ್ನೇ ಇದಕ್ಕೂ ಇಡಿಸಿ.

ನಿಮ್ಮ ಗ್ರಾಹಕರಿಗೆ ಉತ್ತರ ಬರೆಯುವಾಗ ‘ಎಲ್ಲ ಅಳಿಸಿದ್ದೇವೆ’ ಎಂದು ಬರೆಯಬೇಡಿ, ಅದು ಸುಳ್ಳಾಗುತ್ತದೆ. ಹೀಗೆ ಬರೆಯಬಹುದು: ‘ತಮ್ಮ ಮೊಬೈಲ್ ಸಂಖ್ಯೆಯನ್ನು ಪ್ರಚಾರ ಸಂದೇಶಗಳ ಪಟ್ಟಿಯಿಂದ ತೆಗೆದಿದ್ದೇವೆ. ತಮ್ಮ ತಪಾಸಣಾ ವರದಿಗಳನ್ನು ಬಳಕೆಯಲ್ಲಿರುವ ವ್ಯವಸ್ಥೆಯಿಂದ ಇಂಥ ದಿನಾಂಕದಂದು ಅಳಿಸಿದ್ದೇವೆ. ಬ್ಯಾಕಪ್ ಪ್ರತಿಗಳಲ್ಲಿ ಅವು ಇಂಥ ದಿನಾಂಕದವರೆಗೆ ಉಳಿದು, ಬಳಿಕ ತಾನಾಗಿ ಅಳಿಯುತ್ತವೆ. ಅಲ್ಲಿಯವರೆಗೆ ಅವನ್ನು ಬೇರಾವ ಕೆಲಸಕ್ಕೂ ಬಳಸುವುದಿಲ್ಲ. ಬಿಲ್ಲುಗಳನ್ನು ಕಂಪನಿ ಕಾಯ್ದೆಯ ಅಗತ್ಯಕ್ಕಾಗಿ ಇಟ್ಟುಕೊಂಡಿದ್ದೇವೆ.’ ಇದರಲ್ಲಿ ಕೊನೆಯ ದಿನಾಂಕವನ್ನು ಬರೆಯಲು ನಿಮಗೆ ಸಾಧ್ಯವಾದರೆ ನಿಮ್ಮ ಬ್ಯಾಕಪ್ ವ್ಯವಸ್ಥೆ ಸರಿಯಿದೆ. ಸಾಧ್ಯವಾಗದಿದ್ದರೆ ಮೊದಲು ಸರಿಪಡಿಸಬೇಕಾದದ್ದು ಅದನ್ನೇ. ಒಪ್ಪಿಗೆ ಕೇಳುವ ಸೂಚನಾಪತ್ರವನ್ನು ಇಂಗ್ಲಿಷ್‌ನಲ್ಲಿಯೋ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೊಂದರಲ್ಲಿಯೋ ಓದುವ ಆಯ್ಕೆ ಜನರಿಗಿರಬೇಕೆಂದು ಕಾಯ್ದೆ ಹೇಳುತ್ತದೆ. ಗದಗ, ಹಾವೇರಿಯ ಕೇಂದ್ರಗಳಿಗೆ ಬರುವವರಿಗೆ ಕನ್ನಡದ ಪತ್ರವನ್ನು ಯಾರಾದರೂ ಕೇಳುವ ಮೊದಲೇ ಮುದ್ರಿಸಿಡಿ, ಅದರಲ್ಲಿ ಬ್ಯಾಕಪ್ ಅವಧಿಯ ಒಂದು ವಾಕ್ಯವೂ ಇರಲಿ.

ಸಿಂಗಪುರದ ಪ್ರತಿಯ ವಿಷಯ ಇಷ್ಟು ಕಷ್ಟದ್ದಲ್ಲ. ಡಿಪಿಡಿಪಿ ಕಾಯ್ದೆ ಮಾಹಿತಿಯನ್ನು ದೇಶದಾಚೆ ಇಡುವುದನ್ನು ಸಾರಾಸಗಟಾಗಿ ನಿಷೇಧಿಸಿಲ್ಲ. ಯಾವ ದೇಶಕ್ಕೆ ಕಳುಹಿಸಬಾರದೆಂದು ಕೇಂದ್ರ ಸರ್ಕಾರ ಅಧಿಸೂಚನೆಯಿಂದ ನಿರ್ಬಂಧಿಸಬಹುದು, ಇತರ ಕಾನೂನುಗಳು ಇನ್ನೂ ಬಿಗಿಯಾಗಿದ್ದರೆ ಅವೇ ನಡೆಯುತ್ತವೆ ಎಂಬುದು 16ನೇ ಕಲಮಿನ ಸಾರ. ನಿಮ್ಮನ್ನು ಹಿಡಿಯುವ ಆ ಇತರ ಕಾನೂನು ಕಂಪನಿಗಳ ಲೆಕ್ಕಪತ್ರ ನಿಯಮಗಳು, 2014. ಎಲೆಕ್ಟ್ರಾನಿಕ್ ರೂಪದ ಲೆಕ್ಕದ ಪುಸ್ತಕಗಳ ಬ್ಯಾಕಪ್ ಭಾರತದೊಳಗೆ ಭೌತಿಕವಾಗಿ ಇರುವ ಸರ್ವರ್‌ನಲ್ಲಿ ಪ್ರತಿದಿನ ಆಗಬೇಕೆಂದು 2022ರ ಆಗಸ್ಟ್‌ನ ತಿದ್ದುಪಡಿ ಹೇಳಿದೆ. ಅದಕ್ಕೆ ಮುಂಚೆ ‘ನಿಯತಕಾಲಿಕವಾಗಿ’ ಎಂದಷ್ಟೇ ಇತ್ತು. ಕ್ಲೌಡ್ ಸೇವಾದಾರರ ಹೆಸರು, ಸ್ಥಳ, ಐಪಿ ವಿಳಾಸಗಳನ್ನು ವರ್ಷಕ್ಕೊಮ್ಮೆ ಹಣಕಾಸು ವಿವರಪಟ್ಟಿ ಸಲ್ಲಿಸುವಾಗ ಕಂಪನಿ ರಿಜಿಸ್ಟ್ರಾರರಿಗೆ ತಿಳಿಸಬೇಕು. ಆದ್ದರಿಂದ ಸಿಂಗಪುರದ ಪ್ರತಿ ಹೆಚ್ಚುವರಿಯಾಗಿ ಇದ್ದರೆ ತಪ್ಪಲ್ಲ, ಬಿಲ್ಲಿಂಗ್ ಬ್ಯಾಕಪ್ ಅಲ್ಲಿ ಮಾತ್ರ ಇದ್ದರೆ ತಪ್ಪು. ನನ್ನನ್ನು ಕೇಳಿದರೆ ಅದನ್ನು ತೆಗೆಸಿಬಿಡಿ. ಅಮೆಜಾನ್‌ಗೆ ಮುಂಬೈ ಮತ್ತು ಹೈದರಾಬಾದ್, ಮೈಕ್ರೋಸಾಫ್ಟ್‌ಗೆ ಪುಣೆ ಮತ್ತು ಚೆನ್ನೈ, ಗೂಗಲ್‌ಗೆ ಮುಂಬೈ ಮತ್ತು ದೆಹಲಿ ಹೀಗೆ ದೊಡ್ಡವರೆಲ್ಲರಿಗೂ ದೇಶದೊಳಗೇ ದೂರದೂರದ ಎರಡು ನೆಲೆಗಳಿರುವಾಗ ಸಮುದ್ರ ದಾಟುವ ಅಗತ್ಯ ನಿಮಗಿಲ್ಲ.

ದೂರದ ಎರಡು ನೆಲೆ ಏಕೆ ಎಂಬುದಕ್ಕೆ ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಸಾಕ್ಷಿ. 2021ರ ಮಾರ್ಚ್ 10ರಂದು ಅಲ್ಲಿನ ಓವಿಎಚ್ ಕಂಪನಿಯ ಡೇಟಾ ಕೇಂದ್ರದ ಒಂದು ಕಟ್ಟಡ ಪೂರ್ತಿ ಸುಟ್ಟುಹೋದಾಗ, ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು. ಆದರೆ ದೂರವೊಂದೇ ಸಾಲದು. 2024ರ ಮೇ ತಿಂಗಳಲ್ಲಿ ಆಸ್ಟ್ರೇಲಿಯಾದ ಯೂನಿಸೂಪರ್ ಎಂಬ ಪಿಂಚಣಿ ನಿಧಿಯ ಕ್ಲೌಡ್ ವ್ಯವಸ್ಥೆ ಗೂಗಲ್‌ನ ಕಡೆಯ ಸಂರಚನಾ ದೋಷದಿಂದ ಅಳಿದುಹೋಯಿತು. ಎರಡು ಭೌಗೋಳಿಕ ನೆಲೆಗಳಲ್ಲಿ ಪ್ರತಿಯಿದ್ದರೂ ಎರಡೂ ಒಂದೇ ಚಂದಾದಾರಿಕೆಗೆ ಸೇರಿದ್ದರಿಂದ ಒಟ್ಟಿಗೇ ಹೋದವು. ಬೇರೊಬ್ಬ ಸೇವಾದಾರರ ಬಳಿ ಇಟ್ಟಿದ್ದ ಬ್ಯಾಕಪ್ ಚೇತರಿಕೆಗೆ ನೆರವಾಯಿತು, ಆದರೂ ಆರು ಲಕ್ಷಕ್ಕೂ ಹೆಚ್ಚು ಸದಸ್ಯರು ಒಂದು ವಾರಕ್ಕೂ ಮೀರಿ ತಮ್ಮ ಖಾತೆಗಳನ್ನು ನೋಡಲಾಗಲಿಲ್ಲ. ನಿಮ್ಮ ಲ್ಯಾಬಿಗೆ ಇದರಿಂದ ಬರುವ ಸಲಹೆಯೆಂದರೆ, ಕನಿಷ್ಠ ಒಂದು ಪ್ರತಿಯಾದರೂ ಬೇರೆ ಖಾತೆಯಲ್ಲಿ, ಬೇರೆ ಪಾಸ್‌ವರ್ಡ್‌ನೊಂದಿಗೆ, ಸಾಧ್ಯವಿದ್ದರೆ ಬೇರೆ ಕಂಪನಿಯ ಬಳಿ ಇರಬೇಕು, ಮತ್ತು ದಿನನಿತ್ಯದ ವ್ಯವಸ್ಥೆಯನ್ನು ನಡೆಸುವ ಸಿಬ್ಬಂದಿಗೆ ಅದನ್ನು ಅಳಿಸುವ ಅಧಿಕಾರ ಇರಬಾರದು. ಹಾಗೆಯೇ, ಕಚೇರಿ ಕಂಪ್ಯೂಟರಿನ ಫೋಲ್ಡರ್ ಗೂಗಲ್ ಡ್ರೈವ್‌ಗೋ ಒನ್‌ಡ್ರೈವ್‌ಗೋ ಸಿಂಕ್ ಆಗುತ್ತದೆಂಬುದನ್ನು ಬ್ಯಾಕಪ್ ಎಂದು ಎಣಿಸಬೇಡಿ. ಇಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ, ಕಸದಬುಟ್ಟಿಯಲ್ಲಿ ಕೆಲವು ವಾರ ಉಳಿದು ಕಾಣೆಯಾಗುತ್ತದೆ.

ಪ್ರತಿಗಳನ್ನು ಎನ್‌ಕ್ರಿಪ್ಟ್ ಮಾಡಿಸಿ, ಕೀಲಿಯನ್ನು ಪೂರೈಕೆದಾರರ ಕೈಯಲ್ಲಿ ಮಾತ್ರ ಬಿಡಬೇಡಿ. ಕೀಲಿ ಕಳೆದರೆ ಮಾಹಿತಿಯೂ ಕಳೆಯಿತು, ಆದ್ದರಿಂದ ಇಬ್ಬರು ನಿರ್ದೇಶಕರ ಬಳಿ ಅದರ ಮೊಹರು ಹಾಕಿದ ಪ್ರತಿ ಇರಲಿ.

ಒಪ್ಪಂದದ ಮಾತಿಗೆ ಬರೋಣ. ದೊಡ್ಡ ಕ್ಲೌಡ್ ಕಂಪನಿಗಳ ಷರತ್ತುಗಳಲ್ಲಿ ಮಾಹಿತಿ ಸಂಸ್ಕರಣೆಯ ಸಿದ್ಧ ಅನುಬಂಧ ಇರುತ್ತದೆ. ಅದನ್ನು ನೀವು ಬದಲಿಸಲಾರಿರಿ, ಅದರಲ್ಲಿ ಅಂಥ ಅಪಾಯವೂ ಇಲ್ಲ. ಅಪಾಯವಿರುವುದು ನಡುವಿನ ಸಾಫ್ಟ್‌ವೇರ್ ಪೂರೈಕೆದಾರರಲ್ಲಿ. ಬಹಳ ಸಲ ಅವರೊಂದಿಗೆ ಇರುವ ಏಕೈಕ ಕಾಗದ ಒಂದು ಕೊಟೇಶನ್. ಪ್ರೊಸೆಸರನ್ನು ಊರ್ಜಿತ ಒಪ್ಪಂದದ ಮೂಲಕವೇ ತೊಡಗಿಸಿಕೊಳ್ಳಬೇಕೆಂದೂ ಆ ಒಪ್ಪಂದದಲ್ಲಿ ಭದ್ರತಾ ಕ್ರಮಗಳ ಷರತ್ತುಗಳಿರಬೇಕೆಂದೂ ಕಾಯ್ದೆ ಮತ್ತು ನಿಯಮಗಳು ಹೇಳುತ್ತವೆ. ಬ್ಯಾಕಪ್ ಎಲ್ಲೆಲ್ಲಿ ಇರುತ್ತದೆ, ಎಷ್ಟು ಕಾಲ, ಯಾರಿಗೆ ಅದನ್ನು ತೆರೆಯುವ ಅಧಿಕಾರವಿದೆ, ಅವರು ಬೇರೆ ಯಾರಿಗೆ ಕೆಲಸ ಒಪ್ಪಿಸಿದ್ದಾರೆ ಎಂಬುದೆಲ್ಲ ಅದರಲ್ಲಿರಲಿ. ಯಾರು ಯಾವಾಗ ಮಾಹಿತಿಯನ್ನು ತೆರೆದರೆಂಬ ಲಾಗ್‌ಗಳನ್ನು ಒಂದು ವರ್ಷ ಉಳಿಸಬೇಕೆಂದು 6ನೇ ನಿಯಮವೇ ಹೇಳುವುದರಿಂದ ಅದನ್ನೂ ಸೇರಿಸಿ. ಒಪ್ಪಂದ ಮುಗಿದಾಗ ಎಲ್ಲ ಮಾಹಿತಿಯನ್ನು ಬೇರೆ ಸಾಫ್ಟ್‌ವೇರ್ ಓದಬಲ್ಲ ರೂಪದಲ್ಲಿ ಮರಳಿಸಿ, ತಮ್ಮಲ್ಲಿದ್ದ ಪ್ರತಿಗಳನ್ನು ಅಳಿಸಿದ್ದಕ್ಕೆ ಬರಹದಲ್ಲಿ ದೃಢೀಕರಣ ಕೊಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಷರತ್ತು ಸಮಯದ್ದು. 2022ರ ಏಪ್ರಿಲ್ 28ರ, ಕೇಂದ್ರ ಸರ್ಕಾರದ ಸೈಬರ್ ತುರ್ತು ಸ್ಪಂದನಾ ಸಂಸ್ಥೆಯಾದ ಸಿಇಆರ್‌ಟಿ-ಇನ್ ನಿರ್ದೇಶನದಂತೆ ಸೈಬರ್ ಘಟನೆಯನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಇದು ಈಗಾಗಲೇ ಜಾರಿಯಲ್ಲಿದೆ, ಖಾಸಗಿ ಕಂಪನಿಗಳಿಗೂ ಅನ್ವಯಿಸುತ್ತದೆ. ಡಿಪಿಡಿಪಿ ನಿಯಮಗಳು ಜಾರಿಗೆ ಬಂದ ಮೇಲೆ ಇದರ ಜೊತೆಗೆ ಮಂಡಳಿಗೂ ಬಾಧಿತರಾದ ಪ್ರತಿಯೊಬ್ಬ ವ್ಯಕ್ತಿಗೂ ತಡಮಾಡದೆ ತಿಳಿಸಬೇಕು, 72 ಗಂಟೆಯೊಳಗೆ ಮಂಡಳಿಗೆ ಸವಿವರ ವರದಿ ಕೊಡಬೇಕು. ಸಣ್ಣ ಸೋರಿಕೆಗೆ ಬೇರೆ, ದೊಡ್ಡದಕ್ಕೆ ಬೇರೆ ಎಂಬ ಭೇದವನ್ನು ಕಾಯ್ದೆ ಮಾಡಿಲ್ಲ. ಪೂರೈಕೆದಾರರು ತಮ್ಮಲ್ಲಿ ಆದದ್ದನ್ನು ನಿಮಗೆ ಮೂರು ದಿನ ಬಿಟ್ಟು ಹೇಳಿದರೆ ಈ ಗಡಿಯಾರಗಳೆಲ್ಲ ಅರ್ಥ ಕಳೆದುಕೊಳ್ಳುತ್ತವೆ. ಆದ್ದರಿಂದ ಅವರು ಕೆಲವೇ ಗಂಟೆಗಳೊಳಗೆ ನಿಮಗೆ ತಿಳಿಸಬೇಕೆಂದು ಬರೆಸಿ. ಬಾಧಿತರಿಗೆ ತಿಳಿಸಲು ಅವರ ಮೊಬೈಲ್ ಸಂಖ್ಯೆಗಳು ಬೇಕು, ಅವು ಇರುವುದು ಬೀಗ ಬಿದ್ದ ಸರ್ವರ್‌ನಲ್ಲಿ. ಸಂಪರ್ಕ ಪಟ್ಟಿಯನ್ನು ಇಡೀ ವ್ಯವಸ್ಥೆ ಮರಳುವ ಮುಂಚೆಯೇ ಬ್ಯಾಕಪ್‌ನಿಂದ ಪ್ರತ್ಯೇಕವಾಗಿ ಹೊರತೆಗೆಯಲು ಆಗುತ್ತದೆಯೇ ಎಂದು ಈಗಲೇ ಕೇಳಿ ನೋಡಿ. ಪೂರೈಕೆದಾರರು ತಬ್ಬಿಬ್ಬಾದರೆ ಆಶ್ಚರ್ಯಪಡಬೇಡಿ.

ಇನ್ನು ‘ಡಿಪಿಡಿಪಿ ಪ್ರಮಾಣಿತ’ ಬ್ಯಾಕಪ್. ಬ್ಯಾಕಪ್ ಸೇವೆಗೆ ಪ್ರಮಾಣಪತ್ರ ಕೊಡುವ ಏರ್ಪಾಟು ಆ ಕಾಯ್ದೆಯಲ್ಲಿಯೂ ಇಲ್ಲ, ನಿಯಮಗಳಲ್ಲಿಯೂ ಇಲ್ಲ. ಹಾಗೆಂದು ಬಂದವರು ಮೋಸಗಾರರೆಂದಲ್ಲ. ಅವರ ಬಳಿ ಐಎಸ್ಒ 27001 ಪ್ರಮಾಣಪತ್ರವೋ ಎಸ್ಒಸಿ 2 ವರದಿಯೋ ಇರಬಹುದು; ಇವು ಸಂಸ್ಥೆಯ ಮಾಹಿತಿ ಭದ್ರತೆಯನ್ನು ಹೊರಗಿನವರು ಪರೀಕ್ಷಿಸಿ ಕೊಡುವಂಥವು, ಅವಕ್ಕೆ ಬೆಲೆಯಿದೆ. ಆದರೆ ಪ್ರಮಾಣಪತ್ರದ ವ್ಯಾಪ್ತಿಯನ್ನು ಓದಿ: ಕಂಪನಿಯ ಮಾರಾಟ ಕಚೇರಿಗೆ ಸಿಕ್ಕ ಪ್ರಮಾಣಪತ್ರವನ್ನು ಬ್ಯಾಕಪ್ ಸೇವೆಗೆ ಸಿಕ್ಕಿದ್ದೆಂದು ತೋರಿಸುವವರೂ ಇದ್ದಾರೆ. ಅದಕ್ಕಿಂತ ಒಳ್ಳೆಯ ಪರೀಕ್ಷೆ ಇದು. ಹಾವೇರಿ ಕೇಂದ್ರದ ಒಂದು ತಿಂಗಳ ದಾಖಲೆಗಳನ್ನು ಬ್ಯಾಕಪ್‌ನಿಂದ ಬೇರೊಂದು ಯಂತ್ರಕ್ಕೆ ಇಳಿಸಿ ತೋರಿಸಲು ಹೇಳಿ. ಎಷ್ಟು ಹೊತ್ತು ಹಿಡಿಯಿತು, ದಾಖಲೆಗಳ ಸಂಖ್ಯೆ ಮೂಲದೊಂದಿಗೆ ತಾಳೆಯಾಯಿತೆ, ಪಿಡಿಎಫ್ ವರದಿಗಳು ತೆರೆದುಕೊಂಡವೆ ಎಂದು ಬರೆದಿಡಿ. ಈಗಿನ ಪೂರೈಕೆದಾರರಿಗೂ ಇದೇ ಪರೀಕ್ಷೆ ಕೊಡಿ, ಮೂರು ತಿಂಗಳಿಗೊಮ್ಮೆ ಪುನರಾವರ್ತಿಸಿ. ಪರೀಕ್ಷೆಗೆಂದು ಇಳಿಸಿಕೊಂಡದ್ದು ಕೂಡ ರೋಗಿಗಳ ಮಾಹಿತಿಯ ಹೊಸದೊಂದು ಪ್ರತಿ ಎಂಬುದನ್ನು ಮರೆಯದೆ ಅಂದೇ ಅಳಿಸಿ. ಈಗಿನವರೇ ಇದರಲ್ಲಿ ಉತ್ತೀರ್ಣರಾದರೆ ಹೊಸದನ್ನು ಕೊಳ್ಳುವ ಅಗತ್ಯವಿಲ್ಲ.

ಗದಗದ ಹಾರ್ಡ್ ಡಿಸ್ಕ್‌ಗಳನ್ನು ಈ ವಾರವೇ ಹುಬ್ಬಳ್ಳಿಗೆ ತರಿಸಿ ಬೀಗದೊಳಗೆ ಇಡಿ. ಅವುಗಳಲ್ಲಿರುವುದು ಬಹುಶಃ ಎನ್‌ಕ್ರಿಪ್ಟ್ ಆಗದ ವರದಿಗಳು, ಮತ್ತು ಇಲ್ಲಿಯವರೆಗೆ ಹೇಳಿದ ಎಲ್ಲ ಹೊಣೆಗಳೂ ಅವಕ್ಕೂ ಅನ್ವಯಿಸುತ್ತವೆ. ಕಳೆದ ಎಂಟು ವರ್ಷದ ಲೆಕ್ಕದ ದಾಖಲೆಗಳಲ್ಲಿ ಆ ಡಿಸ್ಕ್‌ಗಳಲ್ಲಿ ಮಾತ್ರ ಉಳಿದಿರುವುದು ಏನಾದರೂ ಇದೆಯೇ ಎಂದು ಲೆಕ್ಕ ವಿಭಾಗದವರಿಂದ ನೋಡಿಸಿ, ಇದ್ದರೆ ಹೊರತೆಗೆಸಿ, ಅದು ಓದಲು ಬರುತ್ತದೆಂದು ಖಚಿತಪಡಿಸಿಕೊಳ್ಳಿ. ಬಳಿಕ ನಾಶಪಡಿಸಬೇಕು. ಸುಮ್ಮನೆ ಫಾರ್ಮ್ಯಾಟ್ ಮಾಡಿದರೆ ಸಾಲದು, ಫಾರ್ಮ್ಯಾಟ್ ಆದ ಡಿಸ್ಕ್‌ನಿಂದ ಕಡತಗಳನ್ನು ಮರಳಿ ಪಡೆಯುವ ಸಾಫ್ಟ್‌ವೇರ್ ಉಚಿತವಾಗಿಯೇ ಸಿಗುತ್ತದೆ. ತಿರುಗುವ ತಟ್ಟೆಯ ಹಳೆಯ ಡಿಸ್ಕ್ ಆದರೆ ಹಳೆಯ ಮಾಹಿತಿಯ ಮೇಲೆ ಪೂರ್ತಿಯಾಗಿ ಬೇರೆ ಅಕ್ಷರಗಳನ್ನು ಬರೆಸಬೇಕು. ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ, ಚಿಪ್ಪಿನ ಮೇಲೆ ಮಾಹಿತಿ ಇಡುವ ಡಿಸ್ಕ್) ಆದರೆ ತಯಾರಕರೇ ಕೊಟ್ಟ ಸುರಕ್ಷಿತ ಅಳಿಸುವ ಆಜ್ಞೆಯನ್ನು ಬಳಸಬೇಕು. ಕೆಟ್ಟು ಓಡದೆ ಇರುವುದನ್ನು ಯಂತ್ರದಲ್ಲಿ ಪುಡಿಮಾಡಿಸಬೇಕು. ಉಳಿದದ್ದನ್ನು ಗುಜರಿಗೆ ಹಾಕದೆ, ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಟ್ಟು, ಪ್ರತಿ ಡಿಸ್ಕಿನ ಸೀರಿಯಲ್ ಸಂಖ್ಯೆ, ನಾಶದ ವಿಧಾನ, ದಿನಾಂಕ, ಎದುರಿಗಿದ್ದವರ ಸಹಿ ಇರುವ ಒಂದು ಪುಟವನ್ನು ಅಳಿಸಿದವರ ಪಟ್ಟಿಯ ಜೊತೆಗೇ ಕಡತದಲ್ಲಿ ಸೇರಿಸಿ.